ಕಂಬಕ್ಕೆ ಕಟ್ಟಬೇಕಾಗಿದ್ದದ್ದು ವರದನನ್ನು

ನಿನ್ನೆ ಅಕ್ಕನ ಮನೆಯಲ್ಲಿ ಊಟ ಮುಗಿಸಿ ಎಲ್ಲರೂ ಹಾಲ್‌ನಲ್ಲಿ ಉರುಳಿಕೊಂಡಿದ್ದೆವು. ಟಿವಿಯಲ್ಲಿ ‘ನಾಗರಹಾವು’ ಬರುತ್ತಿತ್ತು. 1972ರದ್ದು, ಪುಟ್ಟಣ್ಣನವರದ್ದು. (ಬೇರೆ ನಾಗರಹಾವು ನೆನಪಾದವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ.) ಬೆಟ್ಟದ ಸೀನ್ ಬಂತು. ಚಾಮಯ್ಯ ಮೇಷ್ಟ್ರು ಬಿದ್ದರು. ಹಿಂದೆಯೇ ಅವರ ಶಿಷ್ಯ ರಾಮಾಚಾರಿ, ಅವನ ಪ್ರೇಯಸಿ ಮಾರ್ಗರೆಟ್. ಭಾವ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. ಕನ್ನಡಕ ಅಲ್ಲ, ಕಣ್ಣು.

ಆಮೇಲೆ ಶುರುವಾಯಿತು ನೋಡಿ ಪಂಚಾಯ್ತಿ. ತಪ್ಪು ಯಾರದ್ದು?

ಭಾವ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಅವರ ತೀರ್ಪು ಗೊತ್ತಿದ್ದದ್ದೇ. ‘ಹುಡುಗನ ಕೋಪ ಕಣಮ್ಮ, ಕೋಪ. ಗುರುಗಳ ಮಾತು ಕೊನೇವರೆಗೂ ಕೇಳಿದ್ದರೆ ಬದುಕ್ತಿದ್ದ.’ ಅಕ್ಕನ ಮಗ ಎದ್ದು ಕೂತ. ‘ಅಪ್ಪಾ, ಮಾತು ಕೇಳಿದ್ದಕ್ಕೇ ಅಲ್ವಾ ಪ್ರೀತಿಸಿದ ಅಲಮೇಲು ಕೈ ಬಿಟ್ಟಿದ್ದು? ಮೇಷ್ಟ್ರೇ ವಿಲನ್.’ ಅಪ್ಪ-ಮಗ ಅರ್ಧ ಗಂಟೆ ಕಿತ್ತಾಡಿದರು. ನಾನು ಅಡಿಕೆ ಅಗಿಯುತ್ತಾ ಕೂತಿದ್ದವಳು ತಡೆಯಲಾಗದೆ ಹೇಳಿದೆ, ‘ಇಬ್ಬರೂ ಅಲ್ಲ. ವರದ.’

ಹುಡುಗ ನನ್ನ ಮುಖ ನೋಡಿದ. ‘ವರದ ಯಾರು ಚಿಕ್ಕಮ್ಮ?’

ಈಗ ತಾನೇ ಪೂರ್ತಿ ಸಿನಿಮಾ ನೋಡಿದ ಹುಡುಗ! ಭಾವನೂ ಒಂದು ಕ್ಷಣ ತಲೆ ಕೆರೆದುಕೊಂಡರು. ನನಗೆ ಸಿಟ್ಟು ಬಂದದ್ದು ಅಲ್ಲಿ. ಆ ಸಿಟ್ಟು ಇವತ್ತೂ ಇಳಿದಿಲ್ಲ, ಅದಕ್ಕೇ ಇಲ್ಲಿ ಕುಟ್ಟುತ್ತಿದ್ದೇನೆ. ಈ ಸಿನಿಮಾದ ವಿಷಯಕ್ಕೆ ನನ್ನ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. 2018ರಲ್ಲಿ ಮತ್ತೆ ಥಿಯೇಟರಿಗೆ ಬಂದಾಗ ಆಫೀಸಿಗೆ ಹೊಟ್ಟೆನೋವು ಅಂತ ಸುಳ್ಳು ಹೇಳಿ ಹೋಗಿದ್ದವಳು ನಾನು.

ವರದ ಅಲಮೇಲುವಿನ ಅಣ್ಣ, ರಾಮಾಚಾರಿಯ ಗೆಳೆಯ. ಶಿವರಾಮಣ್ಣ ಮಾಡಿದ ಪಾತ್ರ. ತಂಗಿಯ ಹಿಂದೆ ಜಲೀಲ ಬಿದ್ದಿದ್ದಾನೆ, ಅಂಬರೀಶ್. ಅವನನ್ನು ಎದುರಿಸುವ ಗುಂಡಿಗೆ ವರದನಿಗಿಲ್ಲ. ಸರಿ, ಎಲ್ಲರಿಗೂ ಇರಲ್ಲ. ಹೋಗಿ ರಾಮಾಚಾರಿಯನ್ನು ಕೇಳುತ್ತಾನೆ. ರಾಮಾಚಾರಿ ಮೊದಲು ಒಪ್ಪುವುದಿಲ್ಲ. ಆಗ ಈ ಮಹಾನುಭಾವ ಏನು ಮಾಡುತ್ತಾನೆ? ಜಲೀಲನನ್ನು ಓಡಿಸಿದರೆ ನನ್ನ ತಂಗೀನ ನಿನಗೇ ಮದುವೆ ಮಾಡಿಕೊಡ್ತೀನಿ ಅಂತ ಮಾತು ಕೊಡುತ್ತಾನೆ.

ತಂಗಿಯನ್ನು ಕೇಳಿದನಾ? ಇಲ್ಲ. ಅಪ್ಪ-ಅಮ್ಮನನ್ನು ಕೇಳಿದನಾ? ಇಲ್ಲ. ಮೂಟೆ ಇಳಿಸಿದವನಿಗೆ ಹಮಾಲಿ ಕೊಟ್ಟ ಹಾಗೆ, ಹೊಡೆದಾಟಕ್ಕೆ ಕೂಲಿ ಅಂತ ಹೆಣ್ಣು ಕೊಟ್ಟ. ಕೂಲಿಯನ್ನಾದರೂ ನೆಟ್ಟಗೆ ಕೊಟ್ಟನಾ? ಅದೂ ಇಲ್ಲ. ಜಲೀಲ ಒದೆ ತಿಂದು ಹೋದ. ರಾಮಾಚಾರಿ ಮನಸ್ಸು ಕೊಟ್ಟ, ಅಲಮೇಲೂ ಕೊಟ್ಟಳು. ಮದುವೆ ಮಾತು ಬಂದಾಗ ವರದ ರಾಗ ಎಳೆದ. ಆವತ್ತು ಕೆಲಸ ಆಗಬೇಕಿತ್ತು, ಹೇಳಿದೆ. ಜಾತಿ ಬೇರೆ, ಮನೆಯಲ್ಲಿ ಒಪ್ಪಲ್ಲ.

ಮಾತು ಕೊಡುವಾಗ ಜಾತಿ ಎಲ್ಲಿ ಹೋಗಿತ್ತಪ್ಪಾ?

ಮೇಷ್ಟ್ರು ಬರುವುದು ಇದಾದ ಮೇಲೆ. ಮನೆಗೆ ಬೆಂಕಿ ಬಿದ್ದ ಮೇಲೆ ಕರೆದ ಮನುಷ್ಯ ಅವರು. ನೀರು ಅಂದುಕೊಂಡು ಎಣ್ಣೆ ಸುರಿದರು, ಒಪ್ಪಿಕೊಳ್ಳುತ್ತೇನೆ. ತ್ಯಾಗ ದೊಡ್ಡದು ಅಂತ ಹುಡುಗನ ಮನಸ್ಸು ತಿರುಗಿಸಿದರು. ಆ ತ್ಯಾಗ ಯಾರದ್ದು ಅಂತ ಅಲಮೇಲುವನ್ನು ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಆಮೇಲೆ ಅವಳನ್ನು ಕಟ್ಟಿಕೊಂಡವನು ಅವಳನ್ನು ಮಾರಿಕೊಂಡ. ವರ್ಷಗಳ ನಂತರ ಹೋಟೆಲ್ ಕೋಣೆಯಲ್ಲಿ ಅವಳು ರಾಮಾಚಾರಿಗೆ ಎದುರಾಗುವ ಸೀನ್ ನನಗೆ ಇವತ್ತಿಗೂ ನೋಡಲಾಗುವುದಿಲ್ಲ, ಎದ್ದು ಅಡುಗೆಮನೆಗೆ ಹೋಗಿಬಿಡುತ್ತೇನೆ. ನಿನ್ನೆಯೂ ಹೋದೆ. ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆದೆ.

ಅಲ್ಲಿ ನಿಂತು ಲೆಕ್ಕ ಹಾಕಿದೆ. ಅಲಮೇಲು ಮೂರು ಸಲ ಕೈ ಬದಲಾಯಿಸಿದಳು. ಗಂಡ ದುಡ್ಡಿಗೆ ಕೊಟ್ಟ. ಅದಕ್ಕೂ ಮುಂಚೆ ಮೇಷ್ಟ್ರು ಮರ್ಯಾದೆಗೆ ಕೊಡಿಸಿದರು. ಎಲ್ಲಕ್ಕಿಂತ ಮೊದಲು, ಒಂದು ಹೊಡೆದಾಟಕ್ಕೆ ಕೊಟ್ಟವನು ಒಡಹುಟ್ಟಿದ ಅಣ್ಣ. ಬೋಣಿ ಅವನದ್ದು.

ಜಲೀಲ ಕೆಟ್ಟವನು, ಸರಿ. ಆದರೆ ಬೀದಿಯಲ್ಲಿ ನಿಂತು ಬುಲ್‌ಬುಲ್ ಅನ್ನುತ್ತಿದ್ದ, ಕೆಟ್ಟವನು ಅಂತ ದೂರದಿಂದಲೇ ಗೊತ್ತಾಗುತ್ತಿತ್ತು. ವರದ ಹಾಗಲ್ಲ. ಪಾಪದವನು. ಅದರಲ್ಲೂ ಶಿವರಾಮಣ್ಣನ ಆ ಮುಖ! ಬೈಯೋಕೆ ಹೋದರೆ ನಮಗೇ ಅಯ್ಯೋ ಅನಿಸಬೇಕು. ಪುಟ್ಟಣ್ಣ ಬೇಕಂತಲೇ ಅವರನ್ನು ಹಾಕಿರಬೇಕು ಅಂತ ನನ್ನ ಗುಮಾನಿ.

ನಿನ್ನೆ ಅಕ್ಕನ ಮಗ ಇನ್ನೊಂದು ವಾದ ತಂದ. ‘ಚಿಕ್ಕಮ್ಮ, ತಪ್ಪು ಜಾತಿಯದ್ದು, ಸಮಾಜದ್ದು. ವರದ ಇಪ್ಪತ್ತು ವರ್ಷದ ಹುಡುಗ, ಅಪ್ಪನಿಗೆ ಹೆದರಿದ. ಅವನೇನು ಮಾಡ್ತಾನೆ?’ ಓದಿದ ಹುಡುಗ, ಚೆನ್ನಾಗಿ ಮಾತಾಡುತ್ತಾನೆ. ಇರಬಹುದು ಮಗಾ. ಆದರೆ ಸಮಾಜ ಅನ್ನುವುದು ಬಂದು ಬಾಗಿಲು ತಟ್ಟಿ ಮಾತು ಕೊಟ್ಟು ಹೋಗಲ್ಲ. ಹೆದರುವವರ ಮೇಲೆ ನನಗೆ ಸಿಟ್ಟಿಲ್ಲ, ನಾನೂ ಪುಕ್ಕಲಿಯೇ. ಹೆದರುವವನು ಸುಮ್ನೆ ಇರಬೇಕಿತ್ತು. ಧೈರ್ಯಸ್ಥನ ಹಾಗೆ ಆಸೆ ಹುಟ್ಟಿಸಿ, ಲೆಕ್ಕ ಕೊಡುವ ದಿನ ಹೆದರಿದರೆ ಅದಕ್ಕೆ ಭಯ ಅನ್ನಲ್ಲ. ನಮ್ಮಮ್ಮ ಇದಕ್ಕೊಂದು ಮಾತು ಹೇಳುತ್ತಿದ್ದಳು, ಇಲ್ಲಿ ಬರೆಯುವ ಹಾಗಿಲ್ಲ.

ಇನ್ನು ರಾಮಾಚಾರಿಯ ಕೋಪ. ಕಾಪಿ ಹೊಡೆದು ಸಿಕ್ಕಿಬಿದ್ದಾಗ ಸಸ್ಪೆಂಡ್ ಮಾಡಿದರು ಅಂತ ಪ್ರಿನ್ಸಿಪಾಲರ ಮನೆಗೆ ರಾತ್ರಿ ಕಲ್ಲು ಹೊಡೆದು, ಹೊರಗೆ ಬಂದವರನ್ನು ಕಂಬಕ್ಕೆ ಕಟ್ಟಿ ಓಡಿದವನು ಅವನು. ಅದರಲ್ಲಿ ಪ್ರಿನ್ಸಿಪಾಲರ ತಪ್ಪೇನಿತ್ತು ಹೇಳಿ? ಆ ಹಗ್ಗ ಬೇರೆಯವನಿಗೆ ಸಲ್ಲಬೇಕಿತ್ತು.

ಕಾದಂಬರಿ ಓದಿದವರು ಈಗ ಕಾಮೆಂಟಿಗೆ ಬರುತ್ತೀರಿ, ಗೊತ್ತು. ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಒಂದು ಸಿನಿಮಾ ಮಾಡಿದ್ದು ಅಂತ ನನಗೂ ಗೊತ್ತು. ನನ್ನ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂತ ಅವರು ಬೇಜಾರು ಮಾಡಿಕೊಂಡಿದ್ದರಂತೆ. ನಾನು ಜಗಳ ಆಡುತ್ತಿರುವುದು ತೆರೆಯ ಮೇಲಿನ ವರದನ ಹತ್ತಿರ.

ಸರಿ, ಇಷ್ಟು ಉರಿ ಯಾಕೆ ಅಂತ ಕೇಳುತ್ತೀರಿ. ರಾತ್ರಿ ನಿದ್ದೆ ಬರದೆ ನಾನೂ ಅದನ್ನೇ ಕೇಳಿಕೊಂಡೆ.

ನಾನು ಬಿ.ಎಸ್ಸಿ. ಓದುವಾಗ ಹಾಸ್ಟೆಲ್‌ನಲ್ಲಿ ಒಬ್ಬಳು ಗೆಳತಿ ಇದ್ದಳು. ನನ್ನ ದೊಡ್ಡಪ್ಪನ ಮಗನಿಗೂ ಅವಳಿಗೂ ಇಷ್ಟ ಆಯಿತು. ಆಯಿತು ಅನ್ನುವುದಕ್ಕಿಂತ ನಾನೇ ಆಗಿಸಿದೆ ಅನ್ನಬೇಕು. ಪತ್ರಗಳು ಓಡಾಡುತ್ತಿದ್ದದ್ದು ನನ್ನ ಬಾಟನಿ ರೆಕಾರ್ಡ್ ಬುಕ್ಕಿಗೆ ಹಾಕಿದ್ದ ಖಾಕಿ ಹೊದಿಕೆಯ ಒಳಗೆ. ‘ನಮ್ಮ ಮನೆಯವರ ಚಿಂತೆ ನೀನು ಮಾಡಬೇಡ ಕಣೇ, ನಾನಿದೀನಲ್ಲ’ ಅಂತ ಅವಳಿಗೆ ಎಷ್ಟು ಸಲ ಹೇಳಿದ್ದೆನೋ. ವಿಷಯ ಮನೆಗೆ ಗೊತ್ತಾದ ದಿನ ದೊಡ್ಡಮ್ಮ ನನ್ನನ್ನು ಹಿತ್ತಲಿಗೆ ಕರೆದು, ‘ನಿಂಗೆ ಏನಾದ್ರೂ ಗೊತ್ತಿತ್ತಾ?’ ಅಂದರು. ಅವರ ಕೈಯಲ್ಲಿ ನೆನೆಹಾಕಿದ ಬಟ್ಟೆ ಇತ್ತು, ನೀರು ಸೋರುತ್ತಿತ್ತು. ನಾನು ಆ ನೀರನ್ನೇ ನೋಡುತ್ತಾ ‘ಇಲ್ಲ ದೊಡ್ಡಮ್ಮ, ನಂಗೇನೂ ಗೊತ್ತಿಲ್ಲ’ ಅಂದೆ.

ಯಾರೂ ಬೆಟ್ಟದಿಂದ ಹಾರಲಿಲ್ಲ. ಅವಳು ಕೋಣೆ ಬದಲಾಯಿಸಿಕೊಂಡಳು, ಅಷ್ಟೇ. ಪರೀಕ್ಷೆ ಮುಗಿದ ದಿನ ನನ್ನ ರೆಕಾರ್ಡ್ ಬುಕ್ಕನ್ನು ಬೇರೆ ಹುಡುಗಿಯ ಕೈಯಲ್ಲಿ ವಾಪಸ್ ಕಳಿಸಿದ್ದಳು. ಹೊದಿಕೆ ಬಿಚ್ಚಿತ್ತು.

ಮರುವರ್ಷ ಅಣ್ಣನಿಗೆ ನಮ್ಮವರಲ್ಲೇ ಹುಡುಗಿ ನೋಡಿ ಮದುವೆ ಮಾಡಿದರು. ನಾನೇ ಕಳಶಗಿತ್ತಿ. ಜರಿ ಲಂಗ ಉಟ್ಟುಕೊಂಡು ಓಡಾಡಿದೆ. ಮೊದಲ ಪಂಕ್ತಿಯಲ್ಲೇ ಕೂತು, ಬಡಿಸುವವರನ್ನು ಕೂಗಿ ಕರೆದು ಎರಡು ಹೋಳಿಗೆ ಜಾಸ್ತಿ ಹಾಕಿಸಿಕೊಂಡೆ. ಮೇಲೆ ತುಪ್ಪ ಬೇರೆ.