ಲಿನಕ್ಸ್‌ನಲ್ಲಿ ವಿಂಡೋಸ್ ಗೇಮ್ ಓಡದಿದ್ದರೆ: ಲಾಂಚ್ ಆಪ್ಷನ್ ಖಾಲಿ ಬಿಡಿ

ಲಿನಕ್ಸ್‌ನಲ್ಲಿ ವಿಂಡೋಸ್ ಗೇಮ್ ಓಡ್ತಿಲ್ಲ ಅಂತ ಯಾರಾದರೂ ಕೇಳಿದರೆ ಸಾಕು, ತಲೆಗೊಬ್ಬರು ಒಂದೊಂದು ಲಾಂಚ್ ಆಪ್ಷನ್ (ಗೇಮ್ ತೆರೆಯುವಾಗ ಅದಕ್ಕೆ ಕೊಡುವ ಹೆಚ್ಚುವರಿ ಸೂಚನೆ) ಕಳಿಸುತ್ತಾರೆ. ಕೇಳಿದವರು ಅಷ್ಟನ್ನೂ ಒಂದೇ ಸಾಲಿಗೆ ತುರುಕುತ್ತಾರೆ. ಯಾವುದು ಏನು ಮಾಡುತ್ತಿದೆ ಅನ್ನುವುದು ಕಳಿಸಿದವರಿಗೂ ಗೊತ್ತಿರುವುದಿಲ್ಲ, ತುರುಕಿದವರಿಗೂ ಗೊತ್ತಿರುವುದಿಲ್ಲ. ನನ್ನ ಅಭಿಪ್ರಾಯ ಇಷ್ಟೇ: ಆ ಜಾಗ ಖಾಲಿ ಇರಲಿ. ಇವತ್ತು ಗೇಮ್ ಓಡದಿರುವುದಕ್ಕೆ ಕಾರಣ ಹೆಚ್ಚಾಗಿ ಗ್ರಾಫಿಕ್ಸ್ ಡ್ರೈವರ್‌ನಲ್ಲಿರುತ್ತದೆ, ಗೇಮ್ ಕೂತಿರುವ ಡಿಸ್ಕ್‌ನಲ್ಲಿರುತ್ತದೆ, ಇಲ್ಲವೇ ಮೋಸದಾಟ ತಡೆಯುವ ಆ್ಯಂಟಿ-ಚೀಟ್‌ನಲ್ಲಿರುತ್ತದೆ. ಮೂರಕ್ಕೂ ಲಾಂಚ್ ಆಪ್ಷನ್ ಮದ್ದಲ್ಲ.

ಒಳಗೆ ನಡೆಯುವುದೇನು ಅಂತ ಮೊದಲು ನೋಡೋಣ. ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಶುರುವಾದದ್ದು 1993ರಲ್ಲಿ, ಅದರ 1.0 ಆವೃತ್ತಿ ಬಂದದ್ದು 2008ರಲ್ಲಿ. ಅದು ಎಮ್ಯುಲೇಟರ್ ಅಲ್ಲ. ಗೇಮಿನ ಇಎಕ್ಸ್‌ಇ ಫೈಲಿನಲ್ಲಿರುವ ಆದೇಶಗಳು ನಿಮ್ಮ ಪ್ರೊಸೆಸರ್ ಮೇಲೆ ನೇರವಾಗಿಯೇ ಓಡುತ್ತವೆ. ಗೇಮ್ ವಿಂಡೋಸನ್ನು ಏನಾದರೂ ಕೇಳಿದಾಗ, ಉದಾಹರಣೆಗೆ ಒಂದು ಫೈಲ್ ತೆರೆ ಅಂದಾಗ, ಅದಕ್ಕೆ ಉತ್ತರ ಕೊಡುವುದು ವೈನ್. ಚಿತ್ರ ಬಿಡಿಸುವ ಕೆಲಸ ಮಾತ್ರ ಬೇರೆಯವರ ಪಾಲು: ವಿಂಡೋಸ್‌ನ ಗ್ರಾಫಿಕ್ಸ್ ವ್ಯವಸ್ಥೆ ಡೈರೆಕ್ಟ್‌3ಡಿಯ 8ರಿಂದ 11ರವರೆಗಿನ ಕರೆಗಳನ್ನು ಡಿಎಕ್ಸ್‌ವಿಕೆ ಲಿನಕ್ಸ್‌ನಲ್ಲೂ ಇರುವ ಗ್ರಾಫಿಕ್ಸ್ ವ್ಯವಸ್ಥೆ ವಲ್ಕನ್‌ಗೆ ತಿರುಗಿಸುತ್ತದೆ, 12ನ್ನು ವಿಕೆಡಿ3ಡಿ-ಪ್ರೋಟಾನ್ ತಿರುಗಿಸುತ್ತದೆ. ಇವೆಲ್ಲವನ್ನೂ ಒಟ್ಟು ಸೇರಿಸಿ ವಾಲ್ವ್ ಕಂಪನಿ 2018ರ ಆಗಸ್ಟ್‌ನಲ್ಲಿ ಪ್ರೋಟಾನ್ ಅಂತ ತನ್ನ ಗೇಮ್ ಮಳಿಗೆ ಸ್ಟೀಮ್ ಒಳಗೇ ಇಟ್ಟಿತು. ಪ್ರೊಸೆಸರ್ ಮಟ್ಟದಲ್ಲಿ ಅನುವಾದವೇ ಇಲ್ಲದ್ದರಿಂದ ವೇಗದಲ್ಲಿ ಆಗುವ ನಷ್ಟ ಸಾಮಾನ್ಯವಾಗಿ ಸಣ್ಣದು. ಕೆಲವು ಗೇಮ್‌ಗಳು ವಿಂಡೋಸ್‌ಗಿಂತ ಚೆನ್ನಾಗಿ ಓಡುವುದೂ ಉಂಟು.

ಹಾಗಾಗಿ ಮೊದಲು ನೋಡಬೇಕಾದ್ದು ವಲ್ಕನ್. ವಲ್ಕನ್-ಟೂಲ್ಸ್ ಪ್ಯಾಕೇಜ್ ಹಾಕಿಕೊಂಡು ಟರ್ಮಿನಲ್‌ನಲ್ಲಿ ವಲ್ಕನ್‌ಇನ್ಫೋ ಕಮಾಂಡನ್ನು ಸಮ್ಮರಿ ಆಯ್ಕೆಯೊಂದಿಗೆ ಓಡಿಸಿ. ಪಟ್ಟಿಯಲ್ಲಿ ನಿಮ್ಮ ಕಾರ್ಡಿನ ಹೆಸರು ಬರಬೇಕು. ಎಲ್ಎಲ್‌ವಿಎಂಪೈಪ್ ಒಂದೇ ಕಂಡರೆ ಕಾರ್ಡ್ ಸುಮ್ಮನೆ ಕೂತಿದೆ, ಚಿತ್ರ ಬಿಡಿಸುವ ಭಾರವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ ಅಂತ ಅರ್ಥ. ಆಗ ಗೇಮ್ ತೆರೆಯುವುದೇ ಇಲ್ಲ, ತೆರೆದರೂ ಆಡುವ ಹಾಗಿರುವುದಿಲ್ಲ.

ಬಹಳ ಜನ ಎಡವುವುದು 32 ಬಿಟ್‌ನಲ್ಲಿ. ಡ್ರೈವರ್ ಎರಡು ಪ್ರತಿ ಇರಬೇಕು, 64 ಬಿಟ್‌ನದೊಂದು, 32 ಬಿಟ್‌ನದೊಂದು. ಹಳೆಯ ಗೇಮ್‌ಗಳಲ್ಲಿ ಬಹುಪಾಲು 32 ಬಿಟ್‌ನವು. ಹೊಸ ಗೇಮ್ ಸಲೀಸಾಗಿ ಓಡುತ್ತದೆ, ಹತ್ತು ವರ್ಷ ಹಳೆಯದು ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ ಅಂದರೆ ಅನುಮಾನ ಇಲ್ಲೇ ಬರಬೇಕು. ಆರ್ಚ್ ಲಿನಕ್ಸ್‌ನಲ್ಲಿ ಮಲ್ಟಿಲಿಬ್ ರೆಪೊಸಿಟರಿ ಆನ್ ಮಾಡಿ ಲಿಬ್32 ಅಂತ ಶುರುವಾಗುವ ಪ್ಯಾಕೇಜ್ ಹಾಕಿ. ಡೆಬಿಯನ್, ಉಬುಂಟುಗಳಲ್ಲಿ ಐ386 ಆರ್ಕಿಟೆಕ್ಚರ್ ಸೇರಿಸಿ ಅದೇ ಡ್ರೈವರಿನ ಐ386 ಪ್ರತಿ ಹಾಕಿ. ಎನ್‌ವಿಡಿಯಾ ಆದರೆ ಎರಡರ ಆವೃತ್ತಿ ಸಂಖ್ಯೆಯೂ ಒಂದೇ ಇರಬೇಕು. ಅರ್ಧಂಬರ್ಧ ಅಪ್‌ಡೇಟ್ ಆದಾಗ ಕೈಕೊಡುವುದು ಇದೇ.

ಕಾರ್ಡ್ ತೀರಾ ಹಳೆಯದಾದರೆ ತೊಡಕು ಬೇರೆ. 2022ರಲ್ಲಿ ಬಂದ ಡಿಎಕ್ಸ್‌ವಿಕೆ 2.0ರಿಂದ ಈಚೆಗೆ ವಲ್ಕನ್ 1.3 ಬೇಕೇ ಬೇಕು. ಜಿಟಿಎಕ್ಸ್ 680, 780ರಂಥ ಕೆಪ್ಲರ್ ಕಾರ್ಡ್‌ಗಳ ಡ್ರೈವರ್ 470ನೇ ಸರಣಿಗೇ ನಿಂತುಹೋಗಿದೆ, ಅದರಲ್ಲಿ 1.3 ಇಲ್ಲ. ಅಂಥವರು ಆ ಗೇಮಿನ ಪ್ರಾಪರ್ಟೀಸ್‌ಗೆ ಹೋಗಿ, ಕಂಪ್ಯಾಟಿಬಿಲಿಟಿ ವಿಭಾಗದಲ್ಲಿ ಪ್ರೋಟಾನ್ 7 ಆರಿಸಿಕೊಳ್ಳಬೇಕು. ಹೊಸದೇ ಒಳ್ಳೆಯದು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಈಗ ಡಿಸ್ಕ್. ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇಟ್ಟುಕೊಂಡವರಿಗೆ ಬರುವ ಮೊದಲ ಆಸೆ, ವಿಂಡೋಸ್ ಪಾರ್ಟಿಷನ್‌ನಲ್ಲಿರುವ ಗೇಮನ್ನೇ ಲಿನಕ್ಸ್‌ನಿಂದಲೂ ಆಡೋಣ, ಇನ್ನೊಮ್ಮೆ 100 ಜಿಬಿ ಯಾಕೆ ಇಳಿಸಬೇಕು ಅನ್ನುವುದು. ದಯವಿಟ್ಟು ಬೇಡ. ಪ್ರೋಟಾನ್ ಪ್ರತಿ ಗೇಮಿಗೂ ಒಂದು ಪ್ರಿಫಿಕ್ಸ್ ಕಟ್ಟುತ್ತದೆ. ಪ್ರಿಫಿಕ್ಸ್ ಅಂದರೆ ಸಿ ಡ್ರೈವ್, ರಿಜಿಸ್ಟ್ರಿ ಎಲ್ಲ ಇರುವ ಪುಟ್ಟ ನಕಲಿ ವಿಂಡೋಸ್. ಅದು ಇರುವುದು ಸ್ಟೀಮ್ಆ್ಯಪ್ಸ್ ಒಳಗಿನ ಕಂಪ್ಯಾಟ್‌ಡೇಟಾ ಫೋಲ್ಡರಿನಲ್ಲಿ, ಗೇಮಿನ ಐಡಿ ಸಂಖ್ಯೆಯ ಹೆಸರಿನಡಿ. ಅಲ್ಲಿ ಡ್ರೈವ್ ಅಕ್ಷರದ ಮುಂದೆ ಕೋಲನ್ (:) ಇರುವ ಹೆಸರಿನ ಸಿಮ್‌ಲಿಂಕ್‌ಗಳು (ಬೇರೆ ಜಾಗಕ್ಕೆ ಕೈತೋರುವ ಫೈಲ್‌ಗಳು) ಹುಟ್ಟುತ್ತವೆ. ವಿಂಡೋಸ್‌ನ ನಿಯಮದಲ್ಲಿ ಫೈಲ್ ಹೆಸರಿಗೆ ಕೋಲನ್ ನಿಷಿದ್ಧ. ವಿಂಡೋಸ್ ಡಿಸ್ಕ್‌ನ ಫೈಲ್ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್ ಮೇಲೆ ಇದನ್ನು ಮಾಡಹೋದರೆ ಪ್ರಿಫಿಕ್ಸ್ ಕಟ್ಟುವುದೇ ವಿಫಲವಾಗಬಹುದು, ಅಥವಾ ಮುಂದಿನ ಸಲ ವಿಂಡೋಸ್ ತೆರೆದಾಗ ಅದು ಡಿಸ್ಕ್ ಕೆಟ್ಟಿದೆ ಅಂತ ರಿಪೇರಿಗೆ ಕೂರಬಹುದು. ಜೊತೆಗೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ಅದು ಪೂರ್ತಿ ಮುಚ್ಚಿರುವುದಿಲ್ಲ, ಹಾಗಾಗಿ ಲಿನಕ್ಸ್ ಆ ಪಾರ್ಟಿಷನನ್ನು ಓದಲು ಮಾತ್ರ ತೆರೆಯುತ್ತದೆ. ಹೊರಗೆ ಕಾಣುವ ಲಕ್ಷಣ ಒಂದೇ: ಪ್ಲೇ ಒತ್ತುತ್ತೀರಿ, ಎರಡು ಮೂರು ಸೆಕೆಂಡ್ ರನ್ನಿಂಗ್ ಅನ್ನುತ್ತದೆ, ಮತ್ತೆ ಪ್ಲೇಗೆ ಬಂದು ನಿಲ್ಲುತ್ತದೆ.

ಗೇಮನ್ನು ಲಿನಕ್ಸ್‌ನ ಎಕ್ಸ್ಟ್4 ಅಥವಾ ಬಿಟಿಆರ್‌ಎಫ್‌ಎಸ್ ಪಾರ್ಟಿಷನ್‌ಗೆ ನಕಲು ಮಾಡಿಕೊಂಡು ಸ್ಟೀಮ್‌ನಲ್ಲಿ ಇನ್‌ಸ್ಟಾಲ್ ಒತ್ತಿ. ಅದು ಇರುವ ಫೈಲ್‌ಗಳನ್ನು ಪರಿಶೀಲಿಸಿ ಕೊರತೆಯಾದದ್ದನ್ನಷ್ಟೇ ಇಳಿಸಿಕೊಳ್ಳುತ್ತದೆ. ಜಾಗವೇ ಇಲ್ಲ ಅಂದರೆ ಕಂಪ್ಯಾಟ್‌ಡೇಟಾ ಫೋಲ್ಡರನ್ನಾದರೂ ಲಿನಕ್ಸ್ ಪಾರ್ಟಿಷನ್‌ನಲ್ಲಿಟ್ಟು ಅಲ್ಲಿಗೆ ಸಿಮ್‌ಲಿಂಕ್ ಕೊಡಿ.

ನಿನ್ನೆಯವರೆಗೆ ಓಡುತ್ತಿದ್ದ ಗೇಮ್ ಇವತ್ತು ನಿಂತಿದ್ದರೆ ಪ್ರಿಫಿಕ್ಸ್ ಕೆಟ್ಟಿರಬಹುದು. ಹೊಸ ಪ್ರೋಟಾನ್ ಮುಟ್ಟಿದ ಪ್ರಿಫಿಕ್ಸನ್ನು ಮತ್ತೆ ಹಳೆಯ ಪ್ರೋಟಾನ್ ಕೈಗೆ ಕೊಟ್ಟಾಗ ಹೀಗಾಗುವುದುಂಟು. ಆ ಫೋಲ್ಡರಿನ ಹೆಸರು ಬದಲಿಸಿ ಗೇಮ್ ತೆರೆಯಿರಿ, ಹೊಸ ಪ್ರಿಫಿಕ್ಸ್ ತಾನಾಗಿ ಬರುತ್ತದೆ. ಅಳಿಸಬೇಡಿ ಅನ್ನುವುದಕ್ಕೆ ಕಾರಣ ಇದೆ: ಕ್ಲೌಡ್ ಸೇವ್ ಇಲ್ಲದ ಗೇಮ್‌ಗಳ ಸೇವ್ ಫೈಲ್‌ಗಳು ಹೆಚ್ಚಾಗಿ ಅದರೊಳಗೇ, ಸ್ಟೀಮ್‌ಯೂಸರ್ ಎಂಬ ಬಳಕೆದಾರನ ಡಾಕ್ಯುಮೆಂಟ್ಸ್ ಅಥವಾ ಆ್ಯಪ್‌ಡೇಟಾದಲ್ಲಿ ಇರುತ್ತವೆ. ನಲವತ್ತು ಗಂಟೆಯ ಆಟ ಒಂದು ಡಿಲೀಟ್‌ಗೆ ಹೋಗಬಾರದು.

ಹಳೆಯ ಸಲಹೆಗಳ ಬಗ್ಗೆ ನನ್ನ ತಕರಾರು ಇರುವುದು ಇಲ್ಲೇ. ಡಿಎಕ್ಸ್‌ವಿಕೆಯ ಅಸಿಂಕ್ ಪ್ಯಾಚ್ ಹಾಕಿ, ಆಟದ ನಡುವೆ ಚಿತ್ರ ಮುಗ್ಗರಿಸುವುದು ನಿಲ್ಲುತ್ತದೆ ಅಂತ ಇಂದಿಗೂ ಹೇಳುವವರಿದ್ದಾರೆ. 2.0ರಿಂದ ಈಚೆಗೆ ಗ್ರಾಫಿಕ್ಸ್ ಪೈಪ್‌ಲೈನ್ ಲೈಬ್ರರಿ ಬಳಸಿ ಡಿಎಕ್ಸ್‌ವಿಕೆ ಶೇಡರ್‌ಗಳನ್ನು (ಚಿತ್ರ ಬಿಡಿಸುವ ಪುಟ್ಟ ಪ್ರೋಗ್ರಾಂಗಳನ್ನು) ಮೊದಲೇ ಕಂಪೈಲ್ ಮಾಡಿಡುತ್ತದೆ; ಡ್ರೈವರ್ ಹೊಸದಿದ್ದರೆ ಆ ಪ್ಯಾಚ್ ಅನವಶ್ಯಕ. ಗೇಮಿನ ಕೆಲಸಗಳು ಒಂದಕ್ಕೊಂದು ಕಾಯುವುದನ್ನು ಹಗುರ ಮಾಡುವ ಫ್ಯೂಟೆಕ್ಸ್‌ಗಾಗಿ ಲಿನಕ್ಸ್‌ನ ತಿರುಳಾದ ಕರ್ನಲ್ ಪ್ಯಾಚ್ ಮಾಡಬೇಕು ಅನ್ನುವುದೂ ಹಳೇ ಮಾತು, 5.16ರಲ್ಲೇ ಅದು ಮೂಲ ಕರ್ನಲ್‌ಗೆ ಬಂತು. 6.14ರಿಂದ ಅದೇ ಬಗೆಯ ಕೆಲಸಕ್ಕೆ ಎನ್‌ಟಿಸಿಂಕ್ ಡ್ರೈವರ್ ಕೂಡ ಇದೆ. ಉಳಿದ ಹಳೆಯ ಸಲಹೆಗಳಲ್ಲಿ ಇನ್ನೂ ಬೆಲೆ ಇರುವುದು ವಿಎಂ ಮ್ಯಾಕ್ಸ್ ಮ್ಯಾಪ್ ಕೌಂಟ್‌ಗೆ, ಅಂದರೆ ಒಂದು ಪ್ರೋಗ್ರಾಂ ಎಷ್ಟು ಮೆಮೊರಿ ತುಂಡು ಬಳಸಬಹುದು ಅನ್ನುವ ಮಿತಿಗೆ. ಕರ್ನಲ್‌ನ ಮೂಲ ಮಿತಿ 65530. ಕೆಲವು ದೊಡ್ಡ ಗೇಮ್‌ಗಳಿಗೆ ಸಾಲದೆ ನಡುವೆಯೇ ಬಿದ್ದುಹೋಗುತ್ತವೆ. ಫೆಡೋರಾ 39, ಉಬುಂಟು 24.04ರಿಂದ ಅದು 1048576. ನಿಮ್ಮದರಲ್ಲಿ ಕಡಿಮೆ ಇದ್ದರೆ ಸಿಸ್‌ಸಿಟಿಎಲ್ ಕಮಾಂಡ್ ಮೂಲಕ ಅಷ್ಟಕ್ಕೆ ಏರಿಸಿ.

ಕಥೆಯ ವಿಡಿಯೋ ಬರಬೇಕಾದ ಕಡೆ ಟಿವಿಯ ಬಣ್ಣದ ಪಟ್ಟೆಗಳು ಬಂದರೆ ಗಾಬರಿ ಬೇಡ. ಲೈಸೆನ್ಸ್ ಕಾರಣಕ್ಕೆ ವಾಲ್ವ್ ವಿಡಿಯೋ ಬಿಚ್ಚುವ ಕೆಲವು ಕೋಡೆಕ್‌ಗಳನ್ನು ಪ್ರೋಟಾನ್ ಜೊತೆ ಕೊಡುವುದಿಲ್ಲ. ವಾಲ್ವ್‌ನ ಹೊರಗಿನವರು ತಯಾರಿಸುವ ಜಿಇ-ಪ್ರೋಟಾನ್‌ನಲ್ಲಿ ಅವು ಇವೆ. ಪ್ರೋಟಾನ್‌ಅಪ್-ಕ್ಯೂಟಿ ಎಂಬ ಆ್ಯಪ್ ಬಳಸಿ ಇಳಿಸಿ, ಸ್ಟೀಮ್ ಮುಚ್ಚಿ ತೆರೆದು, ಆ ಒಂದು ಗೇಮಿಗೆ ಮಾತ್ರ ಆರಿಸಿ. ಮಾಡ್ (ಗೇಮಿಗೆ ಹೊರಗಿನವರು ಮಾಡಿದ ಬದಲಾವಣೆ) ಹಾಕುವವರಿಗೆ ಲಾಂಚ್ ಆಪ್ಷನ್ ನಿಜವಾಗಿಯೂ ಬೇಕಾಗುತ್ತದೆ: ಗೇಮ್ ಫೋಲ್ಡರಿನಲ್ಲಿ ನೀವಿಟ್ಟ ಡಿಇನ್‌ಪುಟ್8 ಡಿಎಲ್‌ಎಲ್ (ಗೇಮ್ ಬಳಸುವ ಕೋಡ್ ಫೈಲ್) ಬಿಟ್ಟು ವೈನ್ ತನ್ನದನ್ನೇ ಎತ್ತಿಕೊಳ್ಳುತ್ತದೆ. ವೈನ್‌ಡಿಎಲ್‌ಎಲ್‌ಓವರ್‌ರೈಡ್ಸ್‌ನಲ್ಲಿ ಮೊದಲು ನೇಟಿವ್ (ನಿಮ್ಮದು), ಆಮೇಲೆ ಬಿಲ್ಟಿನ್ (ವೈನ್‌ನದು) ಅಂತ ಹೇಳಬೇಕು.

ಆ್ಯಂಟಿ-ಚೀಟ್ ವಿಷಯಕ್ಕೆ ಬಂದರೆ, ಅದನ್ನು ತಾಂತ್ರಿಕ ಸಮಸ್ಯೆ ಅಂತ ಕರೆಯುವುದೇ ತಪ್ಪು. ಈಸಿ ಆ್ಯಂಟಿ-ಚೀಟ್, ಬ್ಯಾಟಲ್‌ಐ ಎರಡೂ 2021ರಿಂದ ಪ್ರೋಟಾನ್‌ಗೆ ಒಗ್ಗುತ್ತವೆ, ಆದರೆ ಆಯಾ ಗೇಮಿನ ಕಂಪನಿ ಅದನ್ನು ಆನ್ ಮಾಡಬೇಕು. ಈಸಿ ಆ್ಯಂಟಿ-ಚೀಟ್ ಎಪಿಕ್‌ನವರದ್ದೇ, ಆದರೂ ಅವರದೇ ಫೋರ್ಟ್‌ನೈಟ್ ಲಿನಕ್ಸ್‌ನಲ್ಲಿ ಇಲ್ಲ. ಅಪೆಕ್ಸ್ ಲೆಜೆಂಡ್ಸ್ ಓಡುತ್ತಿತ್ತು, 2024ರಲ್ಲಿ ಬಾಗಿಲು ಹಾಕಿದರು. ವ್ಯಾಲರೆಂಟ್‌ನ ವ್ಯಾನ್‌ಗಾರ್ಡ್ ವಿಂಡೋಸ್ ಕರ್ನಲ್ ಒಳಗೇ ಕೂರುವ ಡ್ರೈವರ್. ವೈನ್‌ನಲ್ಲಿ ಅಂಥ ಕರ್ನಲ್ಲೇ ಇಲ್ಲ. ದಿನಾ ಆಡುವುದು ಇವನ್ನೇ ಆದರೆ ವಿಂಡೋಸ್ ಉಳಿಸಿಕೊಳ್ಳಿ. ವರ್ಚುವಲ್ ಮಷೀನ್‌ನಲ್ಲಿ ಮರೆಮಾಚಿ ಆಡಿಸುವ ಸಾಹಸದಲ್ಲಿ ಅಕೌಂಟೇ ಹೋದೀತು. ಗೇಮ್ ಕೊಳ್ಳುವ ಮೊದಲು ಆಟಗಾರರ ವರದಿಗಳ ತಾಣ ಪ್ರೋಟಾನ್‌ಡಿಬಿ ನೋಡಿ, ಆದರೆ ಮೇಲೆ ಕಾಣುವ ಪದಕದ ದರ್ಜೆ ನಂಬಬೇಡಿ, ಕಳೆದ ಕೆಲವು ತಿಂಗಳ ವರದಿಗಳನ್ನು ಓದಿ.

ಆ್ಯಪಲ್ ಸಿಲಿಕಾನ್ ಮ್ಯಾಕ್ ಇರುವವರಿಗೆ ಈ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಅಲ್ಲಿ ಪ್ರೊಸೆಸರೇ ಬೇರೆ, ಹಾಗಾಗಿ ಆ್ಯಪಲ್‌ನ ರೊಸೆಟ್ಟಾ ತಂತ್ರಾಂಶವು ಪ್ರೊಸೆಸರ್ ಆದೇಶಗಳನ್ನೂ ಅನುವಾದಿಸಬೇಕು. ವೈನ್ ಆಧರಿಸಿದ ಕ್ರಾಸ್‌ಓವರ್ ಒಂದೇ ನೆಮ್ಮದಿಯ ದಾರಿ, ದುಡ್ಡು ಕೊಡಬೇಕು.

ಇಷ್ಟೆಲ್ಲ ನೋಡಿಯೂ ಓಡದಿದ್ದರೆ ಪ್ರೋಟಾನ್ ಲಾಗ್ ಆನ್ ಮಾಡಿ. ಹೋಮ್ ಫೋಲ್ಡರಿನಲ್ಲಿ ಸ್ಟೀಮ್, ಗೇಮ್ ಐಡಿ ಎರಡೂ ಸೇರಿದ ಹೆಸರಿನ ಫೈಲ್ ಬರುತ್ತದೆ. ಫಿಕ್ಸ್‌ಮಿ ಅಂತ ಶುರುವಾಗುವ ಸಾಲುಗಳು ರಾಶಿ ರಾಶಿ ಇರುತ್ತವೆ, ಬಹುತೇಕ ನಿರುಪದ್ರವಿ. ಹುಡುಕಬೇಕಾದ್ದು ಎರ್ ಅನ್ನುವ ಸಾಲು, ಅದರಲ್ಲೂ ಇಂಪೋರ್ಟ್ ಡಿಎಲ್‌ಎಲ್ ಇರುವುದು. ಯಾವ ಡಿಎಲ್‌ಎಲ್ ಸಿಗಲಿಲ್ಲ ಅಂತ ಅದು ಹೆಸರು ಹಿಡಿದು ಹೇಳುತ್ತದೆ. ಹೆಸರು ಎಂಎಸ್‌ವಿಸಿಪಿ ಅಂತ ಶುರುವಾದರೆ ಪ್ರೋಟಾನ್‌ಟ್ರಿಕ್ಸ್ ಎಂಬ ಸಾಧನದಿಂದ ಆ ಗೇಮಿನ ಪ್ರಿಫಿಕ್ಸಿಗೆ ವಿಷುವಲ್ ಸಿ++ ರನ್‌ಟೈಮ್ ಹಾಕಿ ಮತ್ತೆ ತೆರೆಯಿರಿ. ಸಹಾಯ ಕೇಳುವವರು ಸ್ಕ್ರೀನ್‌ಶಾಟ್ ಬದಲು ಆ ಲಾಗ್ ಫೈಲ್, ಕಾರ್ಡಿನ ಹೆಸರು, ಡ್ರೈವರ್ ಆವೃತ್ತಿ, ಪ್ರೋಟಾನ್ ಆವೃತ್ತಿ ಹಾಕಿದರೆ ಕಾಮೆಂಟ್‌ನಲ್ಲೇ ನೋಡಿ ಹೇಳಬಹುದು.