ಗುರಿ ತಪ್ಪಿದ ಗೂಢಚಾರ

ಜೋಸೆಫ್ ಕಾನ್ರಾಡ್‌ನ ‘ದಿ ಸೀಕ್ರೆಟ್ ಏಜೆಂಟ್’ ಕಾದಂಬರಿಯ ಬಗ್ಗೆ ಗೆಳೆಯರ ಕೂಟದಲ್ಲಿ ಹತ್ತು ನಿಮಿಷ ಮಾತನಾಡಲು ಒಪ್ಪಿಕೊಂಡು ಎರಡು ತಿಂಗಳಾಗಿತ್ತು. ಅಷ್ಟರಲ್ಲಿ ಓದಿದ್ದು ಇಪ್ಪತ್ತೆರಡು ಪುಟ. ಹಿಂದಿನ ರಾತ್ರಿ ಥಟ್ಟನೆ ಹೊಳೆಯಿತು: ಹಿಚ್‌ಕಾಕ್ ಇದನ್ನು ಸಿನಿಮಾ ಮಾಡಿದ್ದಾನಲ್ಲ! ಹುಡುಕಿದರೆ 1936ರ ‘ಸೀಕ್ರೆಟ್ ಏಜೆಂಟ್’ ಸಿಕ್ಕೇಬಿಟ್ಟಿತು. ಒಂದೂವರೆ ಗಂಟೆಯಲ್ಲಿ ಇಡೀ ಕಾದಂಬರಿ ಮುಗಿಸಿದ ಖುಷಿಯಲ್ಲಿ ಮಲಗಿದೆ.

ಮರುದಿನ ಸ್ವಿಟ್ಜರ್‌ಲ್ಯಾಂಡಿನ ಹಿಮಬೆಟ್ಟವನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದೆ. ಒಂದು ಕೋಟಿನ ಗುಂಡಿಯ ಸುಳಿವು ನಂಬಿ ಯಾರೋ ಪಾಪದವನನ್ನು ಗೂಢಚಾರನೆಂದು ಬೆಟ್ಟದಿಂದ ತಳ್ಳುವುದು, ಅತ್ತ ಹೋಟೆಲಿನಲ್ಲಿ ಅವನ ನಾಯಿ ಊಳಿಡುವುದು, ಆಮೇಲೆ ‘ಇವನಲ್ಲ’ ಎಂದು ತಂತಿ ಬರುವುದು, ಯಾವುದನ್ನೂ ಬಿಡಲಿಲ್ಲ. ಉತ್ಸಾಹ ಹೆಚ್ಚಾಗಿ ಊಳಿಟ್ಟೂ ತೋರಿಸಿದೆ.

“ಕಾದಂಬರಿ ಲಂಡನ್ ಬಿಟ್ಟು ಕದಲುವುದೇ ಇಲ್ಲ. ಈ ಬೆಟ್ಟ ಎಲ್ಲಿಂದ ಬಂತು ಮಾರಾಯ?” ಎಂದ ಗೆಳೆಯ.

ನಾನು ನೋಡಿದ್ದು ಸಾಮರ್‌ಸೆಟ್ ಮಾಮ್‌ನ ‘ಆಶೆಂಡನ್’ ಕಥೆಗಳ ಸಿನಿಮಾ. ಕಾನ್ರಾಡ್‌ನ 1907ರ ಕಾದಂಬರಿಯನ್ನು ಅದೇ ಹಿಚ್‌ಕಾಕ್, ಅದೇ 1936ರಲ್ಲಿ ‘ಸಬೊಟಾಜ್’ ಎಂಬ ಹೆಸರಿನಲ್ಲಿ ತೆರೆಗೆ ತಂದಿದ್ದ. ಒಬ್ಬರ ಮಗುವಿಗೆ ಇನ್ನೊಬ್ಬರ ಮಗುವಿನ ಹೆಸರಿಟ್ಟರೆ ನನ್ನಂಥವರು ಏನು ಮಾಡಬೇಕು?

ಹಟ ಹಿಡಿದು ಕಾದಂಬರಿ ಓದಿದೆ. ವರ್ಲಾಕ್ ಮಹಾಶಯ ಸೋಮಾರಿ ಗೂಢಚಾರ. ಬಾಂಬು ಸಿಡಿಸುವ ಹೊಣೆ ಬಂದಾಗಲೂ ಮೈಬಗ್ಗಿಸಲು ಬೇಸರ ಪಡುವ ಆಸಾಮಿ. ಎಲ್ಲೋ ನೋಡಿದ ಮುಖ ಅನಿಸಿತು. ಅವನ ಪುಟ್ಟ ಅಂಗಡಿಯ ಬಾಗಿಲಿಗೆ ಒಂದು ಒಡಕು ಗಂಟೆ. ಪುಟ ಮಗುಚಿದಂತೆಲ್ಲ ಅದು ಬಾರಿಸಿದಾಗ ಎದೆ ಧಸಕ್ಕೆನ್ನುತ್ತದೆ. ‘ಸಬೊಟಾಜ್’ ಚಿತ್ರದಲ್ಲಿ ಅವನಿಗೆ ಅಂಗಡಿಯ ಬದಲು ಚಿತ್ರಮಂದಿರವನ್ನೇ ಕೊಟ್ಟಿದ್ದಾರಂತೆ. ಒಡಕು ಗಂಟೆಯ ಗತಿ ಏನಾಯಿತು ಎಂಬುದೇ ನನ್ನ ಚಿಂತೆ.

‘ಅಂತೆ’ ಎಂದು ಬರೆಯಲು ಕಾರಣವಿದೆ. ಪುಸ್ತಕ ಮುಗಿಸಿದ ರಾತ್ರಿಯೇ ಸಿನಿಮಾ ಹಚ್ಚಿ ಕುಳಿತೆ. ಮುಕ್ಕಾಲು ಗಂಟೆಯಾದರೂ ವರ್ಲಾಕ್ ಬರಲಿಲ್ಲ. ನಿಧಾನವಾಗಿ ಬರುತ್ತಾನೆ, ಸೋಮಾರಿ ತಾನೇ ಎಂದು ಕಾದೆ. ಕೊನೆಗೆ ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಮೇಲಿಂದ ಒಬ್ಬ ನೇತಾಡತೊಡಗಿ, ಅವನ ಕೋಟಿನ ತೋಳಿನ ಹೊಲಿಗೆ ಒಂದೊಂದೇ ಬಿಚ್ಚಿಕೊಳ್ಳುವಾಗ ಎದ್ದು ಹೆಸರು ನೋಡಿದೆ. ‘ಸಬೊಟರ್’, 1942. ನಿರ್ದೇಶನ: ಹಿಚ್‌ಕಾಕ್.