ಯಮನ ಕಚೇರಿಯ ತಪ್ಪು

ಸತ್ತು ಬದುಕಿ ಬಂದವರು ನಮ್ಮ ದೇಶದಲ್ಲಿ ಹೇಳುವ ಕಥೆಗಳಲ್ಲಿ ಯಮಲೋಕವೆಂಬುದು ಒಂದು ಸರ್ಕಾರಿ ಕಚೇರಿ. ದೂತರು ಒಬ್ಬನ ಬದಲು ಇನ್ನೊಬ್ಬನನ್ನು ಎಳೆದು ತರುತ್ತಾರೆ. ಲೆಕ್ಕದ ಪುಸ್ತಕ ತೆರೆದವನು, ಕರೆತರಬೇಕಾದವನು ಇವನಲ್ಲ ಎಂದು ದೂತರಿಗೆ ಬೈದು ವಾಪಸ್ ಅಟ್ಟುತ್ತಾನೆ. ಇದು ಹರಿಕಥೆಯ ಉಪಕಥೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಮನಶ್ಶಾಸ್ತ್ರಜ್ಞೆ ಸತ್ವಂತ್ ಪಸ್ರಿಚಾ ಮತ್ತು ಅಮೆರಿಕದ ಮನೋವೈದ್ಯ ಇಯಾನ್ ಸ್ಟೀವನ್ಸನ್ 1986ರಲ್ಲಿ ಪ್ರಕಟಿಸಿದ 16 ಭಾರತೀಯ ಪ್ರಕರಣಗಳ ವರದಿಯಲ್ಲಿ ಮತ್ತೆ ಮತ್ತೆ ಬರುವ ಸಂಗತಿ. ಪಸ್ರಿಚಾ ಆಮೇಲೆ ಚನ್ನಪಟ್ಟಣದ ಕಡೆಯೂ ಇಂಥದೇ ಸಮೀಕ್ಷೆ ನಡೆಸಿದರು.

ನಾನಿರುವ ಅಮೆರಿಕದ ಒಹಾಯೊದಲ್ಲಿ ಯಾರೂ ಹೀಗೆ ತಪ್ಪಿ ಹೋಗುವುದಿಲ್ಲ. ಹೋದವರಿಗೆ ಬೆಳಕು ಕಾಣಿಸುತ್ತದೆ, ಯಾವುದೋ ಕೆಲಸ ಬಾಕಿಯಿದೆ ಎಂದು ಅವರನ್ನು ಹಿಂದಕ್ಕೆ ಕಳಿಸಲಾಗುತ್ತದೆ. ದೊಡ್ಡವರಿಗೆ ಇದರಿಂದ ಬಲ ಬಂದೀತು. ಮಕ್ಕಳ ತಲೆಗೆ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಇದೇ ರಾಜ್ಯದ ಒಬ್ಬ ಹುಡುಗನಲ್ಲಿ ನೋಡಿದ್ದೇವೆ. 2004ರಲ್ಲಿ ಕಾರು ಅಪಘಾತವಾದಾಗ ಅವನಿಗೆ ಆರು ವರ್ಷ. ಕೋಮಾದಿಂದ ಎದ್ದವನು ಸ್ವರ್ಗ ನೋಡಿ ಬಂದ ಎಂಬ ಪುಸ್ತಕ 2010ರಲ್ಲಿ ಬಂತು, ಬಿಸಿ ದೋಸೆಯಂತೆ ಖರ್ಚಾಯಿತು. 2015ರಲ್ಲಿ ಅವನೇ ಬಹಿರಂಗ ಪತ್ರ ಬರೆದು, ತಾನು ಸತ್ತೂ ಇರಲಿಲ್ಲ, ಸ್ವರ್ಗಕ್ಕೆ ಹೋಗಿಯೂ ಇರಲಿಲ್ಲ, ಎಲ್ಲರ ಗಮನ ಸಿಗಲಿ ಎಂದು ಹೇಳಿದ್ದೆ ಎಂದ. ಪ್ರಕಾಶಕರು ಪುಸ್ತಕ ಹಿಂತೆಗೆದುಕೊಂಡರು. ಸುಳ್ಳು ಹೇಳಿದ್ದಕ್ಕೆ ಹುಡುಗನನ್ನು ದೂರಿದವರು ಅನೇಕರು. ಆರು ವರ್ಷದ ಮಗು ಪುಸ್ತಕದ ಕರಾರಿಗೆ ಸಹಿ ಹಾಕುವುದಿಲ್ಲವಲ್ಲ!

ಕಳೆದ ಮಳೆಗಾಲದಲ್ಲಿ ಬೆಂಗಳೂರಿನಲ್ಲಿ ನನ್ನ ತಮ್ಮನ ಮಗಳಿಗೆ ಡೆಂಗ್ಯೂ ಬಂದು ತೀವ್ರ ನಿಗಾ ಘಟಕದಲ್ಲಿದ್ದಳು. ರಕ್ತದೊತ್ತಡ ಕುಸಿದಿತ್ತು. ಚೇತರಿಸಿಕೊಂಡ ಮೇಲೆ, ತಾನು ಟ್ಯೂಬ್‌ಲೈಟಿನ ಪಕ್ಕದಲ್ಲಿದ್ದೆ, ಕೆಳಗೆ ತನ್ನನ್ನೇ ಮಲಗಿಸಿದ್ದರು, ಅಜ್ಜಿ ಬಂದು ಮನೆಗೆ ನಡಿ ಎಂದರು ಎಂದಳು. ಅಜ್ಜಿ, ಅಂದರೆ ನನ್ನ ಅಮ್ಮ, ಆಗ ಜಯನಗರದ ಮನೆಯಲ್ಲಿ ಹರಕೆ ಕಟ್ಟುತ್ತಾ ಕುಳಿತಿದ್ದರು. ಸಂಗತಿ ಕೇಳಿ ಅಮ್ಮ ಹೇಳಿದ್ದಿಷ್ಟೆ: ಮಗುವಿನ ಆಯಸ್ಸು ಗಟ್ಟಿಯಿತ್ತು. ಮಾರ್ಕಂಡೇಯನನ್ನು ಉಳಿಸಿದ ಶಿವನೇ ಇವಳನ್ನೂ ಉಳಿಸಿದ ಎಂದು ಗವಿಪುರದ ಗಂಗಾಧರೇಶ್ವರನಿಗೆ ಅಭಿಷೇಕ ಮಾಡಿಸಿದರು. ಇದನ್ನೇ ಇಲ್ಲಿನ ನನ್ನ ಸಹೋದ್ಯೋಗಿಯೊಬ್ಬರಿಗೆ ಹೇಳಿದಾಗ ಅವರ ಕಣ್ಣು ತುಂಬಿತು. ದೇವರು ಆ ಮಗುವಿನಿಂದ ಏನೋ ದೊಡ್ಡದನ್ನು ಮಾಡಿಸಲಿದ್ದಾನೆ ಎಂದರು. ಒಳ್ಳೆಯ ಮನಸ್ಸಿನ ಮಾತೇ. ಆದರೂ ನನಗೆ ಅಮ್ಮನ ವಿವರಣೆಯೇ ಹಿಡಿಸಿತು. ಅದರಲ್ಲಿ ಋಣವೆಲ್ಲ ದೊಡ್ಡವರದು: ಹರಕೆ ತೀರಿಸಬೇಕಾದವರು ಅವರು, ಖರ್ಚು ಅವರದು, ಉಪವಾಸವೂ ಅವರದೇ. ಮಗು ಪ್ರಸಾದ ತಿಂದು ಶಾಲೆಗೆ ಹೋದರಾಯಿತು.

ವೈದ್ಯರು ಔಷಧಿಯ ಪರಿಣಾಮ ಎಂದರಂತೆ. ಇರಬಹುದು. ಮಕ್ಕಳಿಗೆ ಸಾಮಾನ್ಯವಾಗಿ ಕೊಡುವ ಕೆಟಮೈನ್ ಎಂಬ ಮತ್ತಿನ ಔಷಧಿ ದೇಹದಿಂದ ಬೇರೆಯಾಗಿ ತೇಲಿದಂತೆ ಮಾಡಬಲ್ಲದು. ಗಿರಗಿರನೆ ತಿರುಗುವ ಯಂತ್ರದಲ್ಲಿ ಕುಳಿತ ಯುದ್ಧವಿಮಾನದ ಪೈಲಟ್‌ಗಳಿಗೆ ತಲೆಗೆ ರಕ್ತ ಸಾಲದಾದಾಗ ನೋಟ ಅಂಚುಗಳಿಂದ ಕಪ್ಪಾಗುತ್ತಾ, ಸತ್ತು ಬದುಕಿದವರು ಹೇಳುವ ಸುರಂಗದಂತಾಗುತ್ತದೆ. 2002ರಲ್ಲಿ ನರವಿಜ್ಞಾನಿ ಒಲಾಫ್ ಬ್ಲಾಂಕೆ ತಂಡ ಮೂರ್ಛೆರೋಗದ ಮಹಿಳೆಯೊಬ್ಬರ ಮಿದುಳಿನ ಬಲಭಾಗದ ಒಂದು ಜಾಗಕ್ಕೆ ವಿದ್ಯುತ್ ಸ್ಪರ್ಶ ಕೊಟ್ಟಾಗ, ಮೇಲಿನಿಂದ ತನ್ನನ್ನೇ ನೋಡುತ್ತಿದ್ದೇನೆ ಎಂದು ಆಕೆ ಹೇಳಿದರು. 2023ರಲ್ಲಿ ಇನ್ನೊಬ್ಬ ನರವಿಜ್ಞಾನಿ ಜಿಮೊ ಬೋರ್ಜಿಗಿನ್ ತಂಡ, ಕೃತಕ ಉಸಿರಾಟ ತೆಗೆದ ನಾಲ್ವರು ರೋಗಿಗಳ ಪೈಕಿ ಇಬ್ಬರ ಮಿದುಳಿನಲ್ಲಿ ಸಾಯುವ ಹೊತ್ತಿಗೆ ಗಾಮಾ ಎಂಬ ವೇಗದ ವಿದ್ಯುತ್ ಅಲೆಗಳು ಉಕ್ಕಿದ್ದನ್ನು ದಾಖಲಿಸಿತು. ಆ ಇಬ್ಬರೂ ಉಳಿಯಲಿಲ್ಲ, ಏನು ಕಂಡಿತೆಂದು ಕೇಳುವಂತಿಲ್ಲ.

ಔಷಧಿ ಎಂಬ ಒಂದೇ ಉತ್ತರಕ್ಕೆ ಅಡ್ಡ ಬರುವುದು ಸಿಯಾಟಲ್‌ನ ಮಕ್ಕಳ ವೈದ್ಯ ಮೆಲ್ವಿನ್ ಮೋರ್ಸ್ 1986ರಲ್ಲಿ ಪ್ರಕಟಿಸಿದ ಅಧ್ಯಯನ. ಸಾವಿನ ಅಂಚಿಗೆ ಹೋಗಿ ಬಂದ 11 ಮಕ್ಕಳಲ್ಲಿ 7 ಮಂದಿಗೆ ಪ್ರಜ್ಞೆಯಿಲ್ಲದ ಹೊತ್ತಿನ ನೆನಪುಗಳಿದ್ದವು. ಕಾಯಿಲೆಬಿದ್ದು ಮತ್ತಿನ ಔಷಧಿ ಪಡೆದರೂ ಆ ಮಟ್ಟಕ್ಕೆ ಹೋಗದ 29 ಮಕ್ಕಳಲ್ಲಿ ಒಬ್ಬರಿಗೂ ಇರಲಿಲ್ಲ. ಸಂಖ್ಯೆ ಬಹಳ ಸಣ್ಣದು, ಇದರ ಮೇಲೆ ಮಹಡಿ ಕಟ್ಟಲಾಗದು. ಸ್ವರ್ಗದ ಪರವಾಗಿ ವಾದಿಸುವವರಿಗೂ ಒಂದು ಇರಿಸುಮುರಿಸಿದೆ. ಮಕ್ಕಳು ಕಂಡವರಲ್ಲಿ ಬದುಕಿರುವವರೂ ಇರುತ್ತಾರೆ. ಜಯನಗರದಲ್ಲಿ ಕುಳಿತ ಅಜ್ಜಿ ಪರಲೋಕದ ಬಾಗಿಲಲ್ಲಿ ಏನು ಮಾಡುತ್ತಿದ್ದರು? ಇನ್ನು ಮಕ್ಕಳ ಮನಸ್ಸು ಬಿಳಿ ಹಾಳೆ, ಅವರ ಸಾಕ್ಷ್ಯ ಕಲಬೆರಕೆಯಿಲ್ಲದ್ದು ಎಂಬ ವಾದ ಬೆಂಗಳೂರಿನಲ್ಲಂತೂ ನಿಲ್ಲದು. ಕೋಣವೇರಿದ ಯಮನನ್ನು ಟಿ.ವಿ.ಯಲ್ಲಿ ಕಾಣದೆ ಒಂದನೇ ತರಗತಿಗೆ ಸೇರಿದ ಮಗು ಅಲ್ಲಿ ಸಿಗುವುದು ಕಷ್ಟ.

ಊರಿನ ರೀತಿಯಲ್ಲಿ ನನಗೆ ಒಗ್ಗದ್ದು ಅಭಿಷೇಕದ ನಂತರದ್ದು. ಅದನ್ನೆಲ್ಲ ಮತ್ತೆ ಬಾಯಿಗೆ ತರಬಾರದು, ಅಪಶಕುನ ಎಂದು ಹುಡುಗಿಯನ್ನು ಸುಮ್ಮನಾಗಿಸಿದರು. ತಮ್ಮ ಇನ್ನೊಂದು ಬಗೆಯಲ್ಲಿ ಅದನ್ನೇ ಮಾಡಿದ, ಆಮ್ಲಜನಕದ ಪಾಠ ಹೇಳಿದ. ಅವಳು ಕೇಳಬೇಕೆಂದಿದ್ದುದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ನನ್ನೊಡನೆ ವಿಡಿಯೊ ಕರೆಯಲ್ಲಿ ಮಾತನಾಡುವಾಗ ಕೇಳಿದಳು: ನಾನು ಮೇಲಿದ್ದಾಗ ಕೆಳಗಿದ್ದವಳಿಗೆ ನೋವಾಗುತ್ತಿತ್ತೇ, ದೊಡ್ಡಪ್ಪ? ನಚಿಕೇತನನ್ನು ಯಮನ ಮನೆಗೆ ಕಳಿಸಿದ ಸಂಪ್ರದಾಯ ನಮ್ಮದು. ಮೂರು ರಾತ್ರಿ ಬಾಗಿಲಲ್ಲಿ ಕಾದ ಆ ಹುಡುಗ, ಸತ್ತ ಮೇಲೆ ಮನುಷ್ಯ ಇರುತ್ತಾನೋ ಇಲ್ಲವೋ ಎಂದು ಕೇಳುತ್ತಾನೆ. ಯಮನೂ ಮೊದಲು ಆನೆ, ಕುದುರೆ, ಚಿನ್ನ, ದೀರ್ಘಾಯುಸ್ಸು ಕೊಡುತ್ತೇನೆಂದು ಮಾತು ಮರೆಸಲು ನೋಡುತ್ತಾನೆ, ಥೇಟ್ ನಮ್ಮ ಮನೆಯವರ ಹಾಗೆ. ಕೊನೆಗಾದರೂ ಉತ್ತರಿಸಿದ ಎಂಬುದು ಅವನ ದೊಡ್ಡತನ.

ಈಚೆಗೆ ಊರಿಗೆ ಬಂದಾಗ ಬೆಳಗಿನ ಜ್ಯೋತಿಷ್ಯದ ಕಾರ್ಯಕ್ರಮಗಳನ್ನು ನೋಡುತ್ತಿದ್ದೆ. ಯಮಲೋಕ ನೋಡಿ ಬಂದ ಮಗುವೊಂದನ್ನು ಆ ಸೋಫಾದ ಮೇಲೆ ಕೂರಿಸಲು ಯಾವ ವಾಹಿನಿಯೂ ಹಿಂಜರಿಯುವಂತೆ ಕಾಣಲಿಲ್ಲ. ಅಮ್ಮನಿಗೆ ಹೇಳಿದೆ. ನಮ್ಮ ಮಗುವನ್ನು ಕರೆದರೆ ಕಳಿಸುವುದಿಲ್ಲ ಎಂದರು, ದೃಷ್ಟಿಯಾಗುತ್ತದೆಯಂತೆ. ಕಾರಣ ಯಾವುದಾದರೂ ಆಗಲಿ, ಕಳಿಸದಿದ್ದರೆ ಸರಿ.